ಸತ್ತಾವಂತ ಹಾಕ್ರಿ

ಅಕ್ಕನ ನುಡಿನಮನಕ್ಕೆ ಹೋಗಬಾರದೆಂದೇ ನಿರ್ಧರಿಸಿದ್ದೆ. ಸತ್ತವರನ್ನು ಹೊಗಳುವ ಸಭೆಗಳೆಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬದುಕಿದ್ದಾಗ ಫೋನ್ ಎತ್ತದವರೆಲ್ಲ ಅಲ್ಲಿ ಮೈಕ್ ಹಿಡಿದು ಗಂಟಲು ಕಟ್ಟಿಸಿಕೊಳ್ಳುತ್ತಾರೆ. ಆದರೂ ಹೋದೆ. ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಸರದಿ ಬಂದಾಗ ನಾನೂ ಅದನ್ನೇ ಮಾಡಿ ಬಂದೆ. ಆ ನಾಚಿಕೆ ತಡೆಯಲಾರದೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಅವರನ್ನು ಬಲ್ಲವರಿಗೆ ಹೆಸರು ಬೇಕಿಲ್ಲ. ಅವರಿಗಿಂತ ಹತ್ತು ವರ್ಷ ಹಿರಿಯರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ನಾನು ಯಮಕನಮರಡಿಯ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಹೆಸರೇನೋ ದೊಡ್ಡದು. ಕೆಲಸವೆಂದರೆ ಒಂದು ಕಿಟಕಿಯ ಹಿಂದೆ ಕುಳಿತು, ಬಾರದ ಬಸ್ಸಿಗಾಗಿ ಬಂದವರಿಂದ ಬೈಸಿಕೊಳ್ಳುವುದು. ಕಿಟಕಿಯ ಪಕ್ಕದ ಕರಿಹಲಗೆಯ ಮೇಲೆ ಊರುಗಳ ಹೆಸರು, ಬಸ್ಸಿನ ಹೊತ್ತು ಬರೆದಿಡುತ್ತಿದ್ದೆ. ಒಂದು ಮಧ್ಯಾಹ್ನ ಹಣೆಗೆ ತೆಳ್ಳಗೆ ವಿಭೂತಿ ಹಚ್ಚಿದ ಹೆಂಗಸೊಬ್ಬರು ಆ ಹಲಗೆಯ ಮುಂದೆ ನಿಂತು, ಕೆಳಗಿನ ಸಾಲಿನಿಂದ ಮೇಲಕ್ಕೆ ಬೆರಳಿಟ್ಟು ಓದುತ್ತಿದ್ದರು. ಓದಿ ಮುಗಿಸಿ ಕಿಟಕಿಗೆ ಬಂದರು.

"ಘಟಪ್ರಭಾ ಅನ್ನೂದ್ರಾಗ ಮಹಾಪ್ರಾಣ ಬಿಟ್ಟೀರಲ್ರಿ. ಒಂದಲ್ಲ, ಎರಡೂ ಹೋಗ್ಯಾವ."

ನನಗೆ ಸಿಟ್ಟು ಬಂತು. "ಅಕ್ಷರ ಹಂಗಿರಲ್ರಿ, ಹೊತ್ತು ಬರೋಬ್ಬರಿ ಐತಿಲ್ರಿ?"

"ಹೊತ್ತೂ ತಪ್ಪೈತಿ. ನಾ ನಿಂತು ಒಂದ ತಾಸಾತು. ಬಸ್ ಎಲ್ಲೈತಿ?"

ಸುತ್ತಲಿದ್ದವರೆಲ್ಲ ನಕ್ಕರು. ಬಸ್ಸು ಬರುವಷ್ಟರಲ್ಲಿ ನಾನು ಹಲಗೆ ತಿದ್ದಿದ್ದೆ, ಅವರು ನನ್ನ ಫೋನ್ ನಂಬರ್ ಬರೆದುಕೊಂಡಿದ್ದರು. ಮರುವಾರದಿಂದ ನಾನು ಅವರ ಕೆಲಸದವನಾದೆ.

ಅವರು ಗೋಕಾಕದ ಒಂದು ಮುದ್ರಣಾಲಯದಲ್ಲಿ ಬಹಳ ವರ್ಷ ಕರಡು ತಿದ್ದಿದವರು. ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ಉಪ್ಪಿನಕಾಯಿ ಬಾಟಲಿಯ ಚೀಟಿ, ಏನೇ ಇರಲಿ, ಕೊನೆಯಿಂದ ಮೊದಲಿಗೆ ಓದುವುದು ಅವರ ರೂಢಿ. ಮುಂದಿನಿಂದ ಓದಿದರೆ ಅರ್ಥದ ಬೆನ್ನು ಹತ್ತಿ ಹೋಗಿಬಿಡುತ್ತೇವೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ ಎನ್ನುತ್ತಿದ್ದರು. ಮುದ್ರಣಾಲಯ ಮುಚ್ಚಿತು. ಅಲ್ಲಿಗೆ ಕರಪತ್ರ ಹೊತ್ತು ಬರುತ್ತಿದ್ದವರು ಮಾತ್ರ ಅಕ್ಕನ ಮನೆಗೆ ಬರುವುದನ್ನು ಬಿಡಲಿಲ್ಲ. ಸ್ಮಶಾನಕ್ಕೆ ದಾರಿ ಬಿಡಿಸಿಕೊಡಿ ಎನ್ನುವವರು, ಕೂಲಿಗಾಗಿ ಅರ್ಜಿ ಹಿಡಿದು ತಿರುಗುವ ಹೆಣ್ಣುಮಕ್ಕಳು, ಅಂಗನವಾಡಿಯ ಸೋರುವ ಮಾಳಿಗೆಯ ಫೋಟೋ ಹಿಡಿದವರು. ಇವರ ಮಾತಿಗೆ ಪತ್ರಿಕೆಗಳಲ್ಲಿ ಜಾಗವಿರಲಿಲ್ಲ. ಹುಕ್ಕೇರಿಯ ಒಬ್ಬ ಕಂಪ್ಯೂಟರ್ ಮಾಸ್ತರರನ್ನು ಹಿಡಿದು ಅಕ್ಕ ಒಂದು ವೆಬ್‌ಸೈಟ್ ಕಟ್ಟಿಸಿಕೊಂಡರು. ‘ಹೊಳಿಸಾಲ ಸುದ್ದಿ’ ಎಂದು ಅದರ ಹೆಸರು. ಮೂರು ತಾಲೂಕಿನಲ್ಲಿ ಯಾರು ಯಾವುದಕ್ಕಾಗಿ ಬೀದಿಗಿಳಿದರೂ ಅದರಲ್ಲಿ ಬರಬೇಕು. ಪಗಾರವಿಲ್ಲ, ಜಾಹೀರಾತಿಲ್ಲ, ಎಲ್ಲರೂ ಪುಕ್ಕಟೆ ದುಡಿಯುವವರು.

ಕೆಲಸ ನಡೆಯುತ್ತಿದ್ದುದು ಹೀಗೆ. ಹಳ್ಳಿಗಳಿಂದ ಜನ ಬರೆಯುತ್ತಿರಲಿಲ್ಲ, ಫೋನಿನಲ್ಲಿ ಮಾತಾಡಿ ಧ್ವನಿ ಕಳಿಸುತ್ತಿದ್ದರು. ಆ ಮಾತನ್ನು ಕೇಳಿ ಅಚ್ಚಿನ ಕನ್ನಡಕ್ಕೆ ಇಳಿಸುವುದು ನನ್ನ ಪಾಲಿನದು. ಬಸ್ಸಿಗೂ ಬಸ್ಸಿಗೂ ನಡುವೆ, ಅದೇ ಕಿಟಕಿಯ ಹಿಂದೆ ಕುಳಿತು ಬರೆಯುತ್ತಿದ್ದೆ. ನನ್ನದು ಸರ್ಕಾರಿ ಪಗಾರವಾದ್ದರಿಂದ ನನ್ನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಬರೆದದ್ದನ್ನು ಅಕ್ಕನಿಗೆ ಕಳಿಸಿದರೆ ಅವರು ಹಿಂದಿನಿಂದ ಓದಿ, ಕಳಿಸಿದವರಿಗೆ ಫೋನ್ ಮಾಡುತ್ತಿದ್ದರು. ‘ಹಲೋ’ ಇಲ್ಲ, ‘ಆರಾಮ ಅದೀರಿ?’ ಇಲ್ಲ. ಮೊದಲ ಮಾತೇ "ಯಾರ್ ನೋಡ್ಯಾರ?"

ನೋಡಿದವರ ಹೆಸರು ಸಿಗುವವರೆಗೆ ಸುದ್ದಿ ಹಾಕುತ್ತಿರಲಿಲ್ಲ. ‘ಎನ್ನಲಾಗಿದೆ’ ಎಂದು ನಾನು ಬರೆದರೆ ಕೆಂಡವಾಗುತ್ತಿದ್ದರು. "ಅನ್ನಾವ್ರು ಯಾರ್ರಿ? ಅವ್ರ ಮನಿ ಎಲ್ಲೈತಿ? ಎತ್ತು ಈದೈತಿ ಅಂದ್ರ ಕೊಟಗ್ಯಾಗ ಕಟ್ಟು ಅನ್ನೂ ಮಂದಿ ನಾವಲ್ಲ." ಈ ಚಾಳಿ ಎಷ್ಟು ಅಂಟಿತ್ತೆಂದರೆ, ನನ್ನ ಮಾವ ತೀರಿಕೊಂಡ ದಿನ ನಾನು ಫೋನ್ ಮಾಡಿ ಹೇಳಿದಾಗಲೂ ಅಕ್ಕನ ಬಾಯಿಗೆ ಬಂದದ್ದು "ಯಾರ್ ನೋಡ್ಯಾರ?" ಎಂದೇ. ಆಮೇಲೆ ನಾಲಿಗೆ ಕಚ್ಚಿಕೊಂಡು, ಹದಿನೈದು ದಿನ ನನ್ನ ಹೆಂಡತಿಗೆ ಮುಖ ತೋರಿಸಲಿಲ್ಲ.

‘ಹೋರಾಟಗಾರ್ತಿ’ ಎಂಬ ಪದ ಅವರಿಗೆ ಆಗುತ್ತಿರಲಿಲ್ಲ. "ನೀರ ಕೇಳಾಕ ಹೋದಾಕಿ ಹೋರಾಟಗಾರ್ತಿ ಹೆಂಗಾದ್ಲು? ಕೊಡಾ ಖಾಲಿ ಇದ್ದಾಕಿ ಅಂತ ಬರೀರಿ." ಕಂಪ್ಯೂಟರಿನ ಮುಂದೆ ಕುಳಿತೇ ಕಟಕ ರೊಟ್ಟಿ ಮುರಿದು ತಿನ್ನುತ್ತಿದ್ದರು. ಒಮ್ಮೆ ಅದರ ಚೂರು ಬಿದ್ದು ಕೀಬೋರ್ಡಿನಲ್ಲಿ ‘ಳ’ ಅಕ್ಷರ ಕೆಟ್ಟಿತು. ರಿಪೇರಿಯಾಗುವವರೆಗೆ ಹೊಸ ಸುದ್ದಿಗಳಲ್ಲಿ ‘ಳ’ ಇಲ್ಲವೇ ಇಲ್ಲ. ‘ಮಕ್ಕಳು’ ಹೋಗಿ ಹುಡುಗರಾದರು, ‘ಮಳೆ’ ಬಂದರೆ ‘ನೀರು ಸುರಿಯಿತು’. ತಪ್ಪು ಅಕ್ಷರ ಮಾತ್ರ ಹಾಕಲಿಲ್ಲ, ಪುಣ್ಯಾತ್ಗಿತ್ತಿ!

ಈ ಹಟದಿಂದಲೇ ಆ ಸೈಟಿಗೆ ಒಂದು ತೂಕ ಬಂದಿತ್ತು. ಜನ ಅದರ ಸುದ್ದಿಯನ್ನು ಪ್ರಿಂಟ್ ಹಾಕಿಸಿ ಅರ್ಜಿಗೆ ಪಿನ್ನು ಹೊಡೆದು ಕಚೇರಿಗೆ ಒಯ್ಯುತ್ತಿದ್ದರು. ‘ಅಕ್ಕ ಹಾಕ್ಯಾಳ ಅಂದ್ರ ಖರೆ ಇದ್ದೀತು’ ಎಂದು ಅಧಿಕಾರಿಗಳೇ ಎದ್ದು ಹೋಗಿ ನೋಡಿದ್ದುಂಟು. ಬಡವರ ಕೈಯಲ್ಲಿ ಇದ್ದದ್ದು ಆ ನಂಬಿಕೆಯೊಂದೇ. ಅದನ್ನು ನಾನು ಮುರಿದೆ.

ಕುಲಗೋಡದ ಕಾಕಾ ಎಂದು ನಾವು ಕರೆಯುತ್ತಿದ್ದ ಮುದುಕರೊಬ್ಬರಿದ್ದರು. ಎಮ್ಮೆ ಸಾಕಿ ಬದುಕುವವರು. ಓದು ಬಾರದು, ಆದರೆ ಧ್ವನಿ ಕಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅವರ ಊರಾಚೆ ಒಂದು ಹಳ್ಳವಿದೆ. ಮೇಲ್ಗಡೆ ಒಬ್ಬ ಮಾಲೀಕನ ಬೆಲ್ಲದ ಗಾಣ; ಅದರ ಕೊಳಕು ನೀರೆಲ್ಲ ಆ ಹಳ್ಳಕ್ಕೆ. ಕಾಕಾ ಎರಡು ವರ್ಷದಿಂದ ಆ ನೀರಿನ ಸಲುವಾಗಿ ಅರ್ಜಿ ಕೊಟ್ಟುಕೊಂಡು ಬಂದಿದ್ದರು. ಅಕ್ಕ ತಾವೇ ಹೋಗಿ ಹಳ್ಳಕ್ಕೆ ಇಳಿದು ನೋಡಿ ಬರೆದಿದ್ದರು, ತಪಾಸಣೆಗೆ ಆದೇಶವೂ ಆಗಿತ್ತು. ಆ ವಾರವೇ ಅಕ್ಕ ಎಡಗಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಸೇರಿದರು.

"ಎರಡ ದಿನ ನೀವ ನೋಡ್ಕೋರಿ" ಎಂದರು ನನಗೆ. "ಹಾಕೂಕಿಂತ ಮೊದ್ಲ ಫೋನ್ ಮಾಡಿ ಕೇಳ್ರಿ. ಮರೀಬ್ಯಾಡ್ರಿ."

ಅಂದು ಹುಣ್ಣಿಮೆ. ದೇವಿಯ ಗುಡ್ಡಕ್ಕೆ ಹೋಗುವ ಜನ ನಿಲ್ದಾಣದಲ್ಲಿ ಹಿಡಿಸಲಾರದಷ್ಟು. ಕಿಟಕಿಯಲ್ಲಿ ಹತ್ತು ಕೈ, ಹತ್ತು ಬಾಯಿ. ಆ ಗದ್ದಲದಲ್ಲಿ ಕಾಕಾನ ಧ್ವನಿ ಬಂತು. ಫೋನನ್ನು ಕಿವಿಗೆ ಒತ್ತಿ ಕೇಳಿದೆ. "ಹಳ್ಳದ ನೀರ ಕುಡದು ನಮ್ಮ ಬಾಜೂ ಮನ್ಯಾಂವನ ಎರಡ ಎಮ್ಮಿ ಸತ್ತಾವಂತ ಹಾಕ್ರಿ."

ನಮ್ಮ ಕಡೆಯ ಮಾತು ಬಲ್ಲವರಿಗೆ ಇದು ತಿಳಿಯುತ್ತದೆ. ‘ಸತ್ತಾವಂತ’ ಎಂದು ನಿಲ್ಲಿಸಿ ‘ಹಾಕ್ರಿ’ ಎಂದರೆ ಒಂದು ಅರ್ಥ: ಸತ್ತಿವೆಯಂತೆ, ಜನ ಹೇಳುತ್ತಿದ್ದಾರೆ, ನೋಡಿ ಹಾಕಿ. ನಿಲ್ಲಿಸದೆ ಒಂದೇ ಉಸಿರಿಗೆ ಹೇಳಿದರೆ ಇನ್ನೊಂದು: ಸತ್ತಿವೆ ಎಂದು ಹಾಕಿಬಿಡಿ. ನಾನು ಒಂದೇ ಉಸಿರಿಗೆ ಕೇಳಿಸಿಕೊಂಡೆ. ‘ಎರಡು ಎಮ್ಮೆಗಳು ಸಾವು’ ಎಂದು ಬರೆದೆ, ಫೋನ್ ಮಾಡಲಿಲ್ಲ, ಹಾಕಿದೆ. ಒಂದು ಬಸ್ಸು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ.

ಎಮ್ಮೆಗಳು ಹೊಟ್ಟೆ ಉಬ್ಬಿ ನೆಲ ಹಿಡಿದಿದ್ದವು, ನಿಜ. ಸತ್ತವೆಂದು ಊರಲ್ಲಿ ಹಬ್ಬಿದ್ದೂ ನಿಜ. ಆದರೆ ಮರುದಿನ ಎರಡೂ ಎದ್ದು ನಿಂತವು. ಗಾಣದ ಮಾಲೀಕ ಅಷ್ಟಕ್ಕೇ ಕಾಯುತ್ತಿದ್ದ. ಎಮ್ಮೆಗಳ ವಿಡಿಯೋ ತೆಗೆಸಿ ಮೂರೂ ತಾಲೂಕಿಗೆ ಹಂಚಿದ. ‘ನೋಡ್ರಪಾ, ಹೊಳಿಸಾಲ ಸುದ್ದಿಯವರ ಸತ್ತ ಎಮ್ಮಿ ಹುಲ್ಲ ತಿನ್ನಾಕತ್ತಾವ!’ ಹಿಂದೆ ಹತ್ತು ಜನರ ನಗೆ. ಆಮೇಲೆ ಠಾಣೆಗೆ ದೂರು ಕೊಟ್ಟ.

ಅಕ್ಕನನ್ನು ಠಾಣೆಗೆ ಕರೆಸಿದ ದಿನ ನಾನು ರಜೆ ಹಾಕಿ ಹೊರಟೆ. ಯಮಕನಮರಡಿಯಿಂದ ಗೋಕಾಕ, ಗೋಕಾಕದಿಂದ ಮೂಡಲಗಿ, ದಾರಿಯುದ್ದಕ್ಕೂ ಒಂದೇ ಮಾತು ಉರು ಹೊಡೆದೆ: ‘ಬರೆದವನು ನಾನು ಸಾಹೇಬ್ರ.’ ಠಾಣೆಯ ಗೇಟಿನ ಬಳಿ ಅಕ್ಕ ನಿಂತಿದ್ದರು, ಕಣ್ಣಿಗೆ ಇನ್ನೂ ಹತ್ತಿಯ ಪಟ್ಟಿ.

"ಆ ಧ್ವನಿ ಐತೇನ್ರಿ ನಿಮ್ಮ ಫೋನಿನ್ಯಾಗ? ಕಾಕಾನ ಫೋನಿನ್ಯಾಗ ಉಳಿದಿಲ್ಲಂತ" ಎಂದು ಕೇಳಿದರು. "ಕಾಕಾ ‘ಸತ್ತಾವಂತ’ ಅಂದು ನಿಂತಾರೋ ಇಲ್ಲೋ ಕೇಳಬೇಕಿತ್ತು. ನಿಂತಿದ್ರ, ಕೇಳಿದ್ದ ಕೇಳ್ದಂಗ ಹೇಳ್ಯಾರ ಅಂತ ತೋರಸಬಹುದು. ಟೈಪ್ ಮಾಡೂದ್ರಾಗ ತಪ್ಪಾತು ಅಂತ ಧ್ವನೀನ ಸೈಟಿನ್ಯಾಗ ಹಾಕೂನು. ಮಂದಿ ನಂಬ್ತಾರ."

ಆ ಧ್ವನಿಯನ್ನು ನಾನು ಹಿಂದಿನ ದಿನವೇ ಅಳಿಸಿ ಹಾಕಿದ್ದೆ. ಇಲಾಖೆಯವರು ಫೋನ್ ಕೇಳಿದರೆ ಎಂಬ ಹೆದರಿಕೆ. ಅಳಿಸುವ ಮುನ್ನ ಮತ್ತೊಮ್ಮೆ ಕೇಳಿದ್ದೆ. ‘ಸತ್ತಾವಂತ’ ಆದಮೇಲೆ ಕಾಕಾ ಉಸಿರೆಳೆದುಕೊಂಡಿದ್ದರು. ಅದು ಸ್ಪಷ್ಟವಾಗಿ ಕೇಳಿಸಿತ್ತು.

"ಇಲ್ರಿ ಅಕ್ಕಾ, ಫೋನ್ ಕೆಟ್ಟ ಎಲ್ಲಾ ಹೋತು" ಎಂದೆ.

ಅವರು ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ಗೊತ್ತಾಯಿತೋ ಇಲ್ಲವೋ ತಿಳಿಯದು. "ಹೋಗ್ಲಿ ಬಿಡ್ರಿ. ನೀವು ಒಳಗ ಬರಬ್ಯಾಡ್ರಿ. ನೌಕರಿ ಹೋಗ್ತೈತಿ. ಇಲ್ಲೇ ಗಪ್ ನಿಂದರ್ರಿ" ಎಂದು ಒಳಗೆ ಹೋದರು. ನಾನು ಗಪ್ಪನೆ ನಿಂತೆ. ನಿಂತದ್ದಷ್ಟೇ ಅಲ್ಲ, ನನ್ನ ಎದೆ ಹಗುರಾಯಿತು. ಆ ಹಗುರವನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

ಬಾಗಿಲು ತೆರೆದಿತ್ತು, ಒಳಗಿನ ಮಾತು ಕೇಳುತ್ತಿತ್ತು. ಬರೆದವರು ಯಾರೆಂದು ಕೇಳಿದ್ದಕ್ಕೆ "ನಾ" ಎಂದರು. ಮಾಲೀಕ ಒಂದು ಕಾಗದ ಮುಂದಿಟ್ಟ. ಎಮ್ಮೆ ಸತ್ತಿಲ್ಲ, ಹಳ್ಳದ ನೀರು ಶುದ್ಧವಾಗಿದೆ, ಕ್ಷಮೆ ಇರಲಿ ಎಂದು ಅಕ್ಕ ಬರೆದುಕೊಟ್ಟರೆ ದೂರು ಹಿಂದೆ ತೆಗೆದುಕೊಳ್ಳುತ್ತಾನಂತೆ.

"ಎಮ್ಮಿ ಸತ್ತಿಲ್ಲ ಅಂತ ಬರೀತೀನಿ. ಕೈ ಮುಗದು ಬರೀತೀನಿ. ನೀರ ಚೊಲೋ ಐತಿ ಅಂತ ಬರಿಯಾಂಗಿಲ್ಲ. ನೀರ ನಾ ನೋಡೇನಿ."

ಮಾಲೀಕ ಎದ್ದು ಹೋದ. ಪ್ರಕರಣ ಉಳಿಯಿತು. ಹಳ್ಳದ ತಪಾಸಣೆ ಅಲ್ಲಿಗೇ ನಿಂತಿತು.

ಅಲ್ಲಿಂದ ಮುಂದೆ ಮೂರೂ ತಾಲೂಕಿನಲ್ಲಿ ‘ಎಮ್ಮಿ ಸುದ್ದಿ’ ಎಂಬುದೊಂದು ಬೈಗುಳವಾಯಿತು. ಯಾರು ಪ್ರಿಂಟ್ ಹಿಡಿದು ಹೋದರೂ ಅದೇ ಮಾತು. ತುಕ್ಕಾನಟ್ಟಿಯ ಕೆಲವು ಹೆಣ್ಣುಮಕ್ಕಳು ತಮ್ಮ ಸ್ಮಶಾನದ ದಾರಿಗೆ ಯಾರೋ ಬೇಲಿ ಹಾಕಿದ್ದಾರೆಂದೂ, ಹೆಣವನ್ನು ಅರ್ಧ ದಿನ ರಸ್ತೆಯಲ್ಲಿಟ್ಟು ಕಾಯಬೇಕಾಯಿತೆಂದೂ ಅರ್ಜಿ ಒಯ್ದರು. ಕಚೇರಿಯೊಂದರ ಗುಮಾಸ್ತ ಸೈಟಿನ ಹೆಸರು ನೋಡಿ, "ಈ ಹೆಣಾನೂ ಎದ್ದು ಹುಲ್ಲ ತಿಂತೈತೇನವ್ವಾ?" ಎಂದನಂತೆ. ಸತ್ತವನ ತಾಯಿ ಆ ಗುಂಪಿನಲ್ಲೇ ಇದ್ದಳು. ಇದನ್ನು ಆ ಹೆಣ್ಣುಮಕ್ಕಳು ಬಂದು ಹೇಳಿದಾಗ ಅಕ್ಕ ರೊಟ್ಟಿ ಮುರಿಯುತ್ತಿದ್ದರು. ತಾಟನ್ನು ಬದಿಗೆ ಸರಿಸಿ, ಗೋಡೆಗೆ ಮುಖ ಮಾಡಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದುಡಿಯುವವರು ಒಬ್ಬೊಬ್ಬರೇ ಜಾರಿಕೊಂಡರು. ‘ಮನ್ಯಾಗ ಬ್ಯಾಡ ಅಂತಾರ್ರಿ ಅಕ್ಕಾ’, ‘ಸ್ವಲ್ಪ ದಿನ ಹೋಗ್ಲಿ ತಡೀರಿ’. ಕಂಪ್ಯೂಟರ್ ಮಾಸ್ತರರು ಫೋನ್ ಎತ್ತುವುದನ್ನೇ ಬಿಟ್ಟರು. ಕುಲಗೋಡದ ಕಾಕಾನ ಧ್ವನಿಯಂತೂ ಅಂದಿನಿಂದ ಬರಲೇ ಇಲ್ಲ. ಉಳಿದವನು ನಾನೊಬ್ಬ, ಅದೂ ನಿಷ್ಠೆಯಿಂದಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ, ದೂರ ಹೋದರೆ ಸಿಕ್ಕಿಬಿದ್ದೇನೆಂಬ ಭಯದಿಂದ.

ಆಗ ಅಕ್ಕ ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿದರು. ಸೈಟಿನಲ್ಲಿ ಅದುವರೆಗೆ ಬಂದ ಅಷ್ಟೂ ಸುದ್ದಿಯನ್ನು ಮತ್ತೊಮ್ಮೆ ತಾವೇ ಹೋಗಿ ತಪಾಸು ಮಾಡುವುದು. ಕೊನೆಯ ಸುದ್ದಿಯಿಂದ ಮೊದಲ ಸುದ್ದಿಯ ಕಡೆಗೆ, ಊರೂರಿಗೆ, ಬಸ್ಸಿನಲ್ಲಿ, ಒಂದು ಕಣ್ಣು ಸರಿಯಾಗಿ ಕಾಣದೆ. ಆಪರೇಷನ್ ಆದ ಕಣ್ಣಿಗೆ ವಿಶ್ರಾಂತಿ ಸಿಗದೆ ಅದು ಮಸುಕಾಗಿಯೇ ಉಳಿದಿತ್ತು. ನೋಡಿದವರು ಸಿಕ್ಕರೆ ಸುದ್ದಿಯ ಕೆಳಗೆ ಅವರ ಹೆಸರು ಸೇರಿಸುವುದು, ಸಿಗದಿದ್ದರೆ ಸುದ್ದಿ ತೆಗೆದುಹಾಕುವುದು. ಎಲ್ಲವೂ ಮುಗಿದ ಮೇಲೆ ಜನ ಮತ್ತೆ ನಂಬುತ್ತಾರೆ ಎಂಬುದು ಅವರ ಲೆಕ್ಕ.

"ಹೋದ ವರ್ಷದ ಬೋರ್ ಕೆಟ್ಟದ್ದಕ್ಕ ಈಗ ಸಾಕ್ಷಿ ಯಾರ ಕೊಡ್ತಾರ್ರಿ ಅಕ್ಕಾ?" ಎಂದು ನಾನು ಸಿಡುಕುತ್ತಿದ್ದೆ. "ನಿಮಗ ಹುಚ್ಚ ಹಿಡದೈತಿ."

"ಹೌದ್ರಿ, ಹಿಡದೈತಿ. ಸೀಟ್ ಹಿಡೀರಿ ಈಗ, ಬಸ್ ಬಂತು."

ಕಂಡಕ್ಟರನಿಗೆ ಹೇಳಿ ಕಿಟಕಿಯ ಬದಿಯ ಸೀಟು ಕೊಡಿಸುವುದಷ್ಟೇ ನಾನು ಮಾಡಿದ ಪ್ರಾಯಶ್ಚಿತ್ತ. ಪ್ರತಿಸಲವೂ ಬಸ್ಸಿನ ಬಾಗಿಲಲ್ಲಿ ಹೇಳಿಬಿಡೋಣ ಎನ್ನಿಸುತ್ತಿತ್ತು. ನಿವೃತ್ತನಾಗಲಿ ಅಂದುಕೊಂಡೆ. ನಿವೃತ್ತನಾದೆ. ಪಿಂಚಣಿಯ ಕಾಗದ ಆಗಲಿ ಅಂದುಕೊಂಡೆ. ಆ ಕಾಗದ ಕೈಗೆ ಬಂದ ವಾರದಲ್ಲೇ ಅಕ್ಕ ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲ. ಸುದ್ದಿಗಳ ತಪಾಸು ಅರ್ಧಕ್ಕೂ ಬಂದಿರಲಿಲ್ಲ.

ಇನ್ನು ಆ ನುಡಿನಮನ. ಗೋಕಾಕದ ಒಂದು ಸಣ್ಣ ಸಭಾಂಗಣ. ಒಬ್ಬರು "ಜೀವನದಲ್ಲಿ ಒಂದೇ ಒಂದು ತಪ್ಪು ಮಾಡಿದ ಮಹಾತಾಯಿ" ಎಂದರು, ಜನ ತಲೆಯಾಡಿಸಿದರು. ನಾನು ನೆಲ ನೋಡುತ್ತ ಕುಳಿತೆ. ಆಗ ನಡುವಿನ ಸಾಲಿನಿಂದ ಕುಲಗೋಡದ ಕಾಕಾ ಎದ್ದರು. ಮೈಕ್ ಬೇಡವೆಂದರು. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಪ್ಪ ಅಕ್ಕಂದಲ್ರಿ. ನಂದು. ನಾ ಸತ್ತಾವ ಅಂದಿದ್ನೇನೋ. ನೆಪ್ಪಿಲ್ಲ ನನಗ. ನನ್ನ ಬಾಯಾಗ ಹುಳ ಬೀಳ್ಲಿ. ‘ತಪ್ಪ ನಿಂದಲ್ಲೋ ಕಾಕಾ’ ಅಂತ ಅಕ್ಕ ಹೇಳ್ಯಾಳ ಖರೆ, ಸಮಾಧಾನಕ್ಕ ಹೇಳ್ಯಾಳ. ನಾನ ಆಕೀನ ಕೊಂದೆ."

ಯಾರೋ ಅವರನ್ನು ಹಿಡಿದು ಕೂರಿಸಿದರು. ಮುಂದಿನ ಹೆಸರು ನನ್ನದೇ. ಎದ್ದೆ. ಮೈಕ್ ಹಿಡಿದೆ. ಅಕ್ಕ ದೊಡ್ಡವರು, ಅವರ ಆದರ್ಶ ನಮಗೆಲ್ಲ ದಾರಿಯಾಗಲಿ ಎಂದು ಹೇಳಿ ಕುಳಿತೆ. ಥೂ!

ಹತ್ತು ದಿನ ಅನ್ನ ಸೇರಲಿಲ್ಲ. ಹನ್ನೊಂದನೆಯ ದಿನ ಬಸ್ಸು ಹತ್ತಿ ಕುಲಗೋಡಕ್ಕೆ ಹೋದೆ. ಕಾಕಾ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತಿದ್ದರು. ನೀರು ಕುಡಿಯುವ ಮುನ್ನವೇ ಎಲ್ಲವನ್ನೂ ಹೇಳಿದೆ: ನಾನು ಕೇಳಿಸಿಕೊಂಡದ್ದು, ಫೋನ್ ಮಾಡದೆ ಹಾಕಿದ್ದು, ಧ್ವನಿ ಅಳಿಸಿದ್ದು, ಗೇಟಿನಲ್ಲಿ ನಿಂತದ್ದು. ನೀವು ‘ಸತ್ತಾವಂತ’ ಎಂದು ನಿಲ್ಲಿಸಿಯೇ ‘ಹಾಕ್ರಿ’ ಅಂದಿದ್ದಿರಿ ಕಾಕಾ, ನಾನು ಎರಡು ಸಲ ಕೇಳಿದ್ದೇನೆ ಎಂದೆ. ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

ಬೈಯುತ್ತಾರೆಂದುಕೊಂಡೆ. ಅವರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

"ಅಕ್ಕ ಇದ್ದಾಗ ಹೇಳಬೇಕಿತ್ರಿ" ಎಂದರು ಕಡೆಗೆ. "ನಾಕ ಮಂದಿ ಮುಂದ ಹೇಳಿದ್ರ ಆ ಸೈಟ್ ಉಳೀತಿತ್ತು."

"ಈಗ ಹೇಳ್ತೀನಿ ಕಾಕಾ. ಎಲ್ಲಿ ಬೇಕಾದ್ರ ಅಲ್ಲಿ."

ಅವರು ಎದ್ದು ಕೊಟ್ಟಿಗೆಯ ಬಾಗಿಲು ತೆರೆದರು. ಒಳಗೆ ಎರಡು ಗೂಟ, ಎರಡು ಹಗ್ಗ. ಗೋದಲಿಯಲ್ಲಿ ಒಣಗಿದ ಮೇವು ಹಾಗೇ ಇತ್ತು.

"ಹೋದ ವಾರ ಹಳ್ಳದ ನೀರ ಕುಡದ ಬಂದು ಬಿದ್ದೂರಿ. ಎರಡೂ ನನ್ನವ. ಒಂದು ಗಬ್ಬ ಇತ್ತು. ಮುಂಜಾನಿ ತನಕ ಬಾಜೂಕ ಕುಂತು ನೋಡೇನಿ, ನನ್ನ ಕೈಯ್ಯಾಗ ಜೀವಾ ಬಿಟ್ಟೂ."

"ಯಾರಿಗಿ ಹೇಳೀರಿ ಕಾಕಾ?"

"ಯಾರಿಗೂ ಹೇಳಿಲ್ರಿ" ಎಂದರು ಕಾಕಾ. "ಗುಪ್ಚುಪ್ ಹುಗದ್ವಿ. ಊರಾಗ ಎಮ್ಮಿ ಸತ್ತಾವ ಅಂದ್ರ ನಗತಾರ."